ಮೊದಲು ಆಸರೆ, ಆಮೇಲೆ ಚಾಣ

ತಮ್ಮಾ,

ಮೊನ್ನೆ ಇಂಗಳೇಶ್ವರಕ್ಕೆ ಬಂದಾಗ ಪಡಸಾಲೆಯ ಮೂಲೆಯ ಕಾಲಮ್ಮು ತೋರಿಸಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಕಾಕಾ, ಗಿಲಾವು ಉದರಾಕತ್ತೈತಿ. ಗೌಂಡಿ ನಾಕು ಬುಟ್ಟಿ ಮಾಲ್ ಹಚ್ಚಿ ಸಾಪ ಮಾಡಿ ಕೊಡ್ತೀನಿ ಅಂತಾನ. ಹಚ್ಚಸ್ಲೇನು?" ಬಸ್ಸಿನ ಹೊತ್ತಾಗಿತ್ತು. "ಬ್ಯಾಡ, ಕೈ ಹಚ್ಚಬ್ಯಾಡ" ಅಂದಷ್ಟೇ ಹೇಳಿ ಹೊರಟು ಬಂದೆ. ಬೇಡ ಅಂದವನು ಯಾಕೆ ಬೇಡ, ಹಾಗಾದರೆ ಏನು ಮಾಡಬೇಕು ಅನ್ನುವುದನ್ನೂ ಹೇಳಬೇಕು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದನ್ನು ಪೂರ್ತಿ ಓದಿದ ಮೇಲೆ ಗೌಂಡಿಯನ್ನು ಕರೆ.

ಅವತ್ತು ನೀನು ಚಹಾ ತರಲು ಒಳಗೆ ಹೋದಾಗ ನಾನು ಆ ಕಂಬವನ್ನು ಸರಿಯಾಗಿ ನೋಡಿದೆ. ಒಂಬತ್ತು ಇಂಚು, ಹನ್ನೆರಡು ಇಂಚಿನ ಕಂಬ. ನೆಲದಿಂದ ಗೇಣೆತ್ತರದಲ್ಲಿ ಶುರುವಾದ ಸೀಳು ಮೂಲೆಗುಂಟ ನೆಟ್ಟಗೆ ಎದೆಮಟ್ಟಕ್ಕೆ ಏರಿದೆ. ಸೀಳಿನ ಬಾಯಲ್ಲಿ ಕಂದು ಬಣ್ಣದ ಕಲೆ ಇಳಿದಿದೆ. ಕೀಲಿಕೈಯಿಂದ ಮೇಲೆ ಬಡಿದರೆ ಟಣ್ ಅನ್ನುತ್ತದೆ, ಕೆಳಗೆ ಬಡಿದರೆ ಡಬ್ ಡಬ್ ಅಂತ ಪೊಳ್ಳು ಸದ್ದು. ಉದುರಿದ ಒಂದು ಚಕ್ಕೆ ಎತ್ತಿ ತಿರುಗಿಸಿದೆ. ಒಳಮೈಯಲ್ಲಿ ರಾಡಿನ ಅಚ್ಚು ಕೆಂಪಗೆ ಮೂಡಿತ್ತು. ಒಳಗಿನ ರಾಡು ಹಪ್ಪಳದ ಹಾಗೆ ಪದರು ಪದರಾಗಿ ಏಳುತ್ತಿದೆ. ಅದಕ್ಕೆ ಸುತ್ತಿದ ರಿಂಗನ್ನು ಬೆರಳಿಂದ ಒತ್ತಿದೆ, ಲಟಕ್ಕನೆ ಮುರಿಯಿತು. ಆ ತುಣುಕು ಈಗಲೂ ನನ್ನ ಮೇಜಿನ ಮೇಲಿದೆ.

ಗಿಲಾವು ಉದುರಿದ್ದು ಗಿಲಾವಿನ ತಪ್ಪಲ್ಲ. ಒಳಗಿನ ಕಬ್ಬಿಣ ಅದನ್ನು ಹೊರಗೆ ನೂಕಿದೆ. ಕಬ್ಬಿಣಕ್ಕೆ ಜಂಗು ಹಿಡಿದರೆ ಅದು ಮೊದಲಿನ ಎರಡು ಪಟ್ಟಿನಿಂದ ಆರು ಪಟ್ಟಿನವರೆಗೆ ಉಬ್ಬುತ್ತದೆ. ಸುತ್ತ ಗಟ್ಟಿ ಕಾಂಕ್ರೀಟು, ಉಬ್ಬಲು ಜಾಗವಿಲ್ಲ. ಅದಕ್ಕೇ ಸೀಳಿಕೊಂಡು ಬರುತ್ತದೆ. ಮೂಲೆಗುಂಟ ಉದ್ದಕ್ಕೆ ಬಿಟ್ಟ ಬಿರುಕು ಅಂದರೆ ಅದರ ಹಿಂದೆ ನಿಂತ ರಾಡಿನ ಕೂಗು ಅಂತ ತಿಳಿ. ಅದರ ಮೇಲೆ ಸಿಮೆಂಟು ಬಳಿದರೆ ಬಿರುಕು ಕಾಣುವುದು ನಿಲ್ಲುತ್ತದೆ, ಜಂಗು ನಿಲ್ಲುವುದಿಲ್ಲ. ಎರಡು ಮಳೆಗಾಲದಲ್ಲಿ ಹೊಸ ಗಿಲಾವೂ ಉದುರುತ್ತದೆ, ಅಷ್ಟರಲ್ಲಿ ರಾಡು ಇನ್ನಷ್ಟು ಸಣ್ಣದಾಗಿರುತ್ತದೆ. ಲೆಕ್ಕ ಹಾಕಿ ನೋಡು. 12 ಮಿಲಿಮೀಟರಿನ ರಾಡು ಸವೆದು 10 ಆದರೆ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣದು. ಆದರೆ ಅದರ ಕಬ್ಬಿಣ 113 ಚದರ ಮಿಲಿಮೀಟರಿನಿಂದ 79ಕ್ಕೆ ಇಳಿದಿರುತ್ತದೆ. ಹತ್ತರಲ್ಲಿ ಮೂರು ಪಾಲು ಬಲ ಹೋಯಿತು.

ನಮ್ಮೂರ ಹಳೆಯ ಗುಡಿಗಳ ಕಲ್ಲುಕಂಬ ನೋಡಿದ್ದೀಯಲ್ಲ. ವಚನ ಶಿಲಾ ಮಂಟಪದಲ್ಲಿ ಕಲ್ಲಿನ ಮೇಲೆ ಕೆತ್ತಿದ ಸಾಲುಗಳನ್ನು ನಾನು ಬೆರಳಾಡಿಸಿ ಓದಿದ್ದೇನೆ. ಕಲ್ಲಿನೊಳಗೆ ಕಬ್ಬಿಣವಿಲ್ಲ, ಜಂಗಿನ ಮಾತಿಲ್ಲ. ವಿಜಯಪುರದ ಗೋಳಗುಮ್ಮಟ 1656ರ ಹೊತ್ತಿಗೆ ಎದ್ದದ್ದು ಗಾರೆಯ ಬಲದ ಮೇಲೆ. ಆರ್‌ಸಿಸಿ ಕಂಬದ ಸ್ವಭಾವ ಬೇರೆ. ಅದು ಇಬ್ಬರು ಜೊತೆಗಾರರ ಸಂಸಾರ. ಮೇಲಿಂದ ಬೀಳುವ ಭಾರವನ್ನು ಕಾಂಕ್ರೀಟು ಹೊರುತ್ತದೆ, ಬಾಗಿಸುವ ಎಳೆತವನ್ನು ಕಬ್ಬಿಣ ತಡೆಯುತ್ತದೆ. ಅದರ ಜೊತೆಗೆ ಕಾಂಕ್ರೀಟು ಕಬ್ಬಿಣವನ್ನು ಕಾಯುತ್ತದೆ ಕೂಡ. ಹೊಸ ಕಾಂಕ್ರೀಟು ಕಟುವಾದ ಕ್ಷಾರ, ಪಿಎಚ್ ಹನ್ನೆರಡೂವರೆ ದಾಟಿರುತ್ತದೆ. ಆ ಕ್ಷಾರದಲ್ಲಿ ಇರುವತನಕ ರಾಡಿನ ಮೇಲೆ ಕಣ್ಣಿಗೆ ಕಾಣದ ಒಂದು ತೆಳುಪೊರೆ ಇರುತ್ತದೆ, ಜಂಗು ಹತ್ತಿರ ಬರುವುದಿಲ್ಲ.

ಆ ಪೊರೆ ಹರಿಯುವುದು ಎರಡು ದಾರಿಯಲ್ಲಿ. ಒಂದು ಗಾಳಿಯ ದಾರಿ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷ ವರ್ಷ ಕಾಂಕ್ರೀಟಿನ ಒಳಗೆ ಇಳಿಯುತ್ತಾ ಕ್ಷಾರವನ್ನು ಕೊಲ್ಲುತ್ತದೆ. ಪಿಎಚ್ ಒಂಬತ್ತರ ಕೆಳಗೆ ಬಂದರೆ ಕಾವಲು ಮುಗಿಯಿತು. ಎರಡನೆಯದು ಉಪ್ಪಿನ ದಾರಿ. ಕ್ಲೋರೈಡ್ ಕ್ಷಾರಕ್ಕೆ ಅಂಜದೆ ನೇರ ಪೊರೆಯನ್ನೇ ತೂತು ಮಾಡುತ್ತದೆ. ಸಮುದ್ರ ದಂಡೆಯ ಊರುಗಳಲ್ಲಿ ಉಪ್ಪು ಗಾಳಿಯಲ್ಲಿ ಬರುತ್ತದೆ. ನಮ್ಮ ಸೀಮೆಗೆ ಸಮುದ್ರ ಇಲ್ಲ, ಆದರೆ ಸವಳು ಇದೆ. ಡೋಣಿ ಬೆಳೆದರೆ ಓಣಿ ತುಂಬ ಕಾಳು ಅಂತ ಹಿರಿಯರು ಹೇಳುತ್ತಿದ್ದರು. ಆ ಡೋಣಿ ಹೊಳೆಯ ನೀರು ಬಾಯಿಗೆ ಇಟ್ಟರೆ ಉಪ್ಪು. ಎರಿ ಹೊಲದ ಎಷ್ಟೋ ಬೋರಿನ ನೀರೂ ಹಾಗೇ.

ಇಲ್ಲಿ ಒಂದು ಮಾತು ನಿನಗೆ ಹೇಳಲೇಬೇಕು. ಆ ಕಂಬ ಎದ್ದದ್ದು 2003ರ ಬೇಸಿಗೆಯಲ್ಲಿ. ಸಾಲಾಗಿ ಮೂರು ವರ್ಷ ಮಳೆ ಕೈಕೊಟ್ಟ ಕಾಲ ಅದು. ಕುಡಿಯುವ ನೀರಿಗೇ ಕೊಡ ಹಿಡಿದು ಸಾಲು ನಿಲ್ಲಬೇಕಿತ್ತು. ನಿನ್ನ ಅಪ್ಪ ಟ್ಯಾಂಕರ್ ತರಿಸಲೇ ಅಂತ ಕೇಳಿದ. "ಅಣ್ಣಾ, ಯಾಕ ರೊಕ್ಕ ಹಾಳು, ಹೊಲದ ಬೋರಿನ ನೀರು ಐತೆಲ್ಲ" ಅಂದವನು ನಾನು. ಆ ನೀರು ಸವಳು ಅಂತ ಗೊತ್ತಿತ್ತು. ಕಾಂಕ್ರೀಟಿಗೆ ಏನಾಗುತ್ತದೆ ಅಂದುಕೊಂಡೆ. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇರಬಾರದು ಅಂತ ನಮ್ಮ ದೇಶದ ಐಎಸ್ 456 ಸಂಹಿತೆ ಹೇಳುತ್ತದೆ. ನಾವು ಆ ನೀರನ್ನು ಒಂದು ಬಾಟಲಿಯಷ್ಟೂ ಪರೀಕ್ಷೆಗೆ ಕೊಡಲಿಲ್ಲ. ಬಿಸಿಲಿನ ಹೊತ್ತಿನಲ್ಲಿ ಕನಿಷ್ಠ ಹತ್ತು ದಿನ ಕಂಬಕ್ಕೆ ನೀರು ಹೊಡೆಯಬೇಕಿತ್ತು. ಎರಡು ದಿನ ಹೊಡೆದು ಬಿಟ್ಟೆವು. ರಾಡಿನ ಹೊರಗೆ 40 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಇರಬೇಕಿತ್ತು. ಕವರ್ ಬ್ಲಾಕ್ ಇಲ್ಲದೆ ರಾಡು ತಗಡಿಗೆ ಆತು ನಿಂತಿತ್ತು. ಮೊನ್ನೆ ಆ ಚಕ್ಕೆಯ ದಪ್ಪ ಅಳೆದೆ, ನನ್ನ ಕಿರುಬೆರಳಿನ ದಪ್ಪವೂ ಇಲ್ಲ. ಇಪ್ಪತ್ತು ವರ್ಷಕ್ಕೂ ಹಿಂದಿನ ಆ ಬೇಸಿಗೆ ಈಗ ನಿನ್ನ ಪಡಸಾಲೆಯಲ್ಲಿ ಬಾಯಿ ಬಿಟ್ಟಿದೆ.

ಕಂಬದ ವಿಷಯಕ್ಕೆ ನಾನು ಇಷ್ಟು ಹೆದರಲು ಕಾರಣವಿದೆ. ಸ್ಲ್ಯಾಬು ಕೆಡುವ ಮುಂಚೆ ಜೋಲುತ್ತದೆ, ತೊಲೆ ಬಾಗುತ್ತದೆ, ಓಡಿಹೋಗಲು ಹೊತ್ತು ಕೊಡುತ್ತವೆ. ಕಂಬ ಕೈಬಿಟ್ಟರೆ ಹೊತ್ತೇ ಕೊಡುವುದಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜೀವ ಹೋದದ್ದು ನಿನಗೆ ನೆನಪಿರಬೇಕು. ಅಲ್ಲಿ ಜಂಗಿನ ಕತೆ ಇರಲಿಲ್ಲ, ಹೊಸ ಕಟ್ಟಡ. ಆದರೂ ಅವತ್ತಿನಿಂದ ಕಂಬದ ಮುಂದೆ ನಿಂತಾಗಲೆಲ್ಲ ನನಗೆ ಅದೇ ನೆನಪು. ಅಮೆರಿಕದ ಫ್ಲೋರಿಡಾದ ಸರ್ಫ್‌ಸೈಡಿನಲ್ಲಿ 2021ರ ಜೂನ್ 24ರ ನಡುರಾತ್ರಿ ಹನ್ನೆರಡು ಅಂತಸ್ತಿನ ವಸತಿ ಕಟ್ಟಡದ ದೊಡ್ಡ ಭಾಗ ಬಿತ್ತು, 98 ಜನ ಸತ್ತರು. ಕಾಂಕ್ರೀಟು ಹಾಳಾಗಿದೆ, ನೀರು ಜಿನುಗುತ್ತಿದೆ ಅಂತ ಅಲ್ಲಿಯ ಇಂಜಿನಿಯರ್ 2018ರಲ್ಲೇ ಬರೆದು ಕೊಟ್ಟಿದ್ದ. ದೊಡ್ಡ ರಿಪೇರಿ ಶುರುವಾಗುವ ಮುಂಚೆಯೇ ಕಟ್ಟಡ ಬಿದ್ದಿತ್ತು. ನಮ್ಮ ಜಿಲ್ಲೆಯೋ ಭೂಕಂಪದ ನಕ್ಷೆಯಲ್ಲಿ ಮೂರನೇ ವಲಯದ್ದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ನೆಲಸಮವಾದ ಸುದ್ದಿಯನ್ನು ನಮ್ಮ ತಲೆಮಾರಿನವರು ಮರೆತಿಲ್ಲ. ನೆಲ ಅಲುಗಿದಾಗ ಕಂಬವನ್ನು ಕಟ್ಟಿ ಹಿಡಿಯುವುದು ರಿಂಗು. ನಿನ್ನ ಕಂಬದ ರಿಂಗು ನನ್ನ ಬೆರಳಿಗೇ ಮುರಿದಿದೆ.

ಹೆದರಿಸಲು ಹೇಳುತ್ತಿಲ್ಲ. ಈ ಕಂಬ ಉಳಿಯುತ್ತದೆ. ಆದರೆ ಕೆಲಸ ಕ್ರಮದಲ್ಲಿ ನಡೆಯಬೇಕು. ನಾಳೆ ಬೆಳಗ್ಗೆಯೇ ಮಾಡಬೇಕಾದ್ದು ಮೊದಲು ಹೇಳುತ್ತೇನೆ. ಆ ಕಂಬದ ಮೇಲ್ಭಾಗಕ್ಕೆ ಬರುವ ಟ್ಯಾಂಕು ಖಾಲಿ ಮಾಡು. ಸಾವಿರ ಲೀಟರ್ ನೀರು ಅಂದರೆ ಒಂದು ಟನ್ನು ಭಾರ. ಮೇಲಿನ ಕೋಣೆಯ ಜೋಳದ ಚೀಲ, ತೊಗರಿ ಚೀಲ ಇಳಿಸಿ ಬೇರೆ ಕಡೆ ಇಡು. ಮೇಲೆ ಇನ್ನೊಂದು ಅಂತಸ್ತು ಎಬ್ಬಿಸುವ ಆಲೋಚನೆಯನ್ನು ಸದ್ಯಕ್ಕೆ ಬಿಟ್ಟುಬಿಡು. ಮಕ್ಕಳ ಹಾಸಿಗೆ ಆ ಮೂಲೆಯಿಂದ ತೆಗೆ. ಆಮೇಲೆ ನೀರಿನ ಮೂಲ ಹುಡುಕು. ಆ ಕಂಬದ ಬೆನ್ನಿಗೆ ಬಚ್ಚಲುಮನೆ ಇದೆ. ಗೋಡೆಯ ಬುಡದಲ್ಲಿ ಬೆಳ್ಳಗೆ ಸವಳು ಮೂಡಿದ್ದನ್ನು ನಾನು ನೋಡಿದೆ. ಬಚ್ಚಲ ಪೈಪು ಒಳಗೆ ಎಲ್ಲೋ ಸೋರುತ್ತಿದೆ. ಉಪ್ಪು ಎಷ್ಟಿದ್ದರೂ ನೀರು ಮತ್ತು ಗಾಳಿ ಇಲ್ಲದೆ ಜಂಗು ಬೆಳೆಯುವುದಿಲ್ಲ. ಸೋರಿಕೆ ನಿಲ್ಲಿಸದೆ ಮಾಡಿದ ರಿಪೇರಿ ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಅಷ್ಟಾದ ಮೇಲೆ ಕಟ್ಟಡದ ಬಲಾಬಲ ಬಲ್ಲ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸು. ಗೌಂಡಿಯ ಕೈ ಎಷ್ಟೇ ಪಳಗಿರಲಿ, ಈ ಲೆಕ್ಕ ಅವನದಲ್ಲ, ನನ್ನದೂ ಅಲ್ಲ. ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಇಂಜಿನಿಯರಿಂಗ್ ಕಾಲೇಜಿದೆ, ಬಾಗಲಕೋಟೆಯಲ್ಲಿ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ ಸಿವಿಲ್ ವಿಭಾಗದವರನ್ನು ಕೇಳಿದರೆ ದಾರಿ ಸಿಗುತ್ತದೆ. ಬಂದವರು ಸುತ್ತಿಗೆಯಿಂದ ಬಡಿದು ಪೊಳ್ಳು ಎಲ್ಲಿಯವರೆಗಿದೆ ಅಂತ ಗೆರೆ ಎಳೆಯಬೇಕು. ಒಂದು ಕಡೆ ಹೊಸದಾಗಿ ಒಡೆದು ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಬೇಕು. ಗುಲಾಬಿ ಬಣ್ಣ ಬಂದಲ್ಲಿ ಕ್ಷಾರ ಜೀವಂತ, ಬಣ್ಣ ಬಾರದಲ್ಲಿ ಸತ್ತಿದೆ. ಕಾಂಕ್ರೀಟಿನ ಪುಡಿ ಒಯ್ದು ಉಪ್ಪು ಎಷ್ಟಿದೆ ಅಂತ ಪರೀಕ್ಷೆ ಮಾಡಿಸಬೇಕು. ನಮ್ಮ ಮನೆಗೆ ಇದೇ ಮುಖ್ಯ. ಇನ್ನೊಂದು ಮಾತು. ಮನೆಯ ಎಲ್ಲ ಕಂಬಕ್ಕೂ ಅದೇ ಬೋರಿನ ನೀರು ಬಿದ್ದಿದೆ. ಕೂಗುತ್ತಿರುವುದು ಒಂದೇ ಕಂಬ ಅಂತ ಉಳಿದವನ್ನು ಬಿಡಬೇಡ. ಹೊರಗೆ ಚೆಂದ ಕಾಣುವ ಕಂಬಗಳಲ್ಲೂ ಎಲ್ಲಿ ಜಂಗು ನಡೆದಿದೆ ಅಂತ ಸುಳಿವು ಕೊಡುವ ಹಾಫ್ ಸೆಲ್ ಪರೀಕ್ಷೆ ಇದೆ. ಅದನ್ನೂ ಕೇಳು.

ಈಗ ಕೆಲಸದ ಮಾತು. ಎಲ್ಲ ಮರೆತರೂ ಇದೊಂದನ್ನು ಮರೆಯಬೇಡ. ಮೊದಲು ಆಸರೆ, ಆಮೇಲೆ ಚಾಣ. ಸುತ್ತಲಿನ ತೊಲೆಗಳಿಗೆ ಕಬ್ಬಿಣದ ಜಾಕ್ ಕೊಟ್ಟು ಬಿಗಿ ಮಾಡದೆ ಕಂಬದ ಮೇಲೆ ಚಾಣದ ಒಂದು ಏಟೂ ಬೀಳಕೂಡದು. ಮೇಲಿನ ಕೋಣೆಯಲ್ಲೂ ಅದೇ ನೇರಕ್ಕೆ ಜಾಕ್ ಬೇಕು. ನಮ್ಮದು ಎರಿ ಮಣ್ಣು, ಜಾಕಿನ ಬುಡಕ್ಕೆ ದಪ್ಪ ಹಲಗೆ ಹಾಕದಿದ್ದರೆ ಭಾರ ಬಿದ್ದೊಡನೆ ಹೂತುಹೋಗುತ್ತದೆ. ಒಂದು ಸಲಕ್ಕೆ ಒಂದೇ ಕಂಬ. ಎರಡು ಕಂಬ ಒಟ್ಟಿಗೆ ತೆರೆದರೆ ಬೇಗ ಮುಗಿಯುತ್ತದೆ ಅಂತ ಯಾರಾದರೂ ಹೇಳಿದರೆ ಅವರನ್ನು ಕೆಲಸಕ್ಕೆ ಕರೆಯಬೇಡ. ಆಸರೆ ಬರೀ ಅಪಾಯ ತಪ್ಪಿಸಲು ಅಂತ ತಿಳಿಯಬೇಡ. ಭಾರ ಹಳೆಯ ಕಂಬದ ಮೇಲೇ ಇದ್ದಾಗ ಹೊಸ ಕಾಂಕ್ರೀಟು ತುಂಬಿದರೆ, ಅದು ಪಕ್ಕಕ್ಕೆ ನಿಂತು ನೋಡುತ್ತದೆಯೇ ಹೊರತು ಇದ್ದ ಭಾರಕ್ಕೆ ಹೆಗಲು ಕೊಡುವುದಿಲ್ಲ. ಜಾಕಿನಿಂದ ಭಾರ ಇಳಿಸಿ, ಹೊಸದು ಬಲಿತ ಮೇಲೆ ಜಾಕ್ ಸಡಿಲಿಸಿದರೆ ಆಗ ಹಳೆಯದು ಹೊಸದು ಕೂಡಿ ಹೊರುತ್ತವೆ.

ಚಾಣ ಹಿಡಿದವನಿಗೆ ಹೇಳು, ಪೊಳ್ಳು ಉದುರಿಸಿ ನಿಲ್ಲಬಾರದು. ರಾಡಿನ ಹಿಂದೆ ಬೆರಳು ಆಡುವಷ್ಟು, ಅಂದರೆ 20ರಿಂದ 25 ಮಿಲಿಮೀಟರ್ ಜಾಗ ಬಿಡಿಸಬೇಕು. ಮೇಲೆ ಕೆಳಗೆ ಜಂಗಿಲ್ಲದ ಹೊಳೆಯುವ ರಾಡು ಕಾಣುವತನಕ ಹೋಗಬೇಕು. ರಾಡಿನ ಮುಂಭಾಗ ಉಜ್ಜಿ ಬೆನ್ನು ಹಾಗೇ ಬಿಟ್ಟರೆ ಜಂಗು ಬೆನ್ನಿನಿಂದ ಮತ್ತೆ ಶುರು. ತಂತಿ ಬ್ರಶ್ಶಿನಿಂದ ಸುತ್ತಲೂ ಉಜ್ಜಿ ಬೆಳ್ಳಗೆ ಮಾಡಬೇಕು. ಆಮೇಲೆ ಇಂಜಿನಿಯರ್ ಉಳಿದ ರಾಡಿನ ದಪ್ಪ ಅಳೆದು ಎಷ್ಟು ಹೊಸ ರಾಡು ಬೇಕು ಅಂತ ಹೇಳುತ್ತಾನೆ. ಸವೆದ ರಾಡಿನ ಪಕ್ಕಕ್ಕೆ ಗೇಣುದ್ದದ ತುಂಡು ಇಟ್ಟು ತಂತಿ ಸುತ್ತಿದರೆ ಅದು ಕೆಲಸಕ್ಕೆ ಬಾರದು. ಒಳ್ಳೆಯ ರಾಡಿನ ಮೇಲೆ ಲೆಕ್ಕದಷ್ಟು ಉದ್ದ ಹಾಯ್ದು ಬರಬೇಕು. ಮುರಿದ ರಿಂಗಿನ ಜಾಗಕ್ಕೆ ಹೊಸ ರಿಂಗು, ಅದರ ಕೊಕ್ಕೆ ಕಂಬದ ಒಳಕ್ಕೆ ಚೆನ್ನಾಗಿ ಮಡಚಿರಬೇಕು. ರಾಡಿಗೆ ಜಂಗು ತಡೆಯುವ ಲೇಪ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಬೇಕು.

ತುಂಬುವುದಕ್ಕೆ ಸಾದಾ ಮಾಲು ಬೇಡ. ಗಾಯ ತೆಳ್ಳಗಿದ್ದರೆ ಪಾಲಿಮರ್ ಬೆರೆಸಿದ ಮಾಲನ್ನು ಪದರು ಪದರಾಗಿ ಒತ್ತುತ್ತಾರೆ. ನಮ್ಮದರಂತೆ ಆಳದ್ದಾದರೆ ಹಲಗೆ ಕಟ್ಟಿ ಮೈಕ್ರೋ ಕಾಂಕ್ರೀಟ್ ಸುರಿಯುತ್ತಾರೆ. ಅದು ತಾನೇ ಹರಿದು ಸಂದಿ ಸೇರುತ್ತದೆ. ಚೀಲದ ಮೇಲೆ ಬರೆದಷ್ಟೇ ನೀರು, ಅಳೆದು ಹಾಕಬೇಕು. ಹರಿಯಲಿ ಅಂತ ಒಂದು ಚರಿಗೆ ಹೆಚ್ಚು ಸುರಿದರೂ ಬಲ ಕುಗ್ಗುತ್ತದೆ. ಈ ಸಲ ಆ ನೀರು ಸಿಹಿನೀರೇ ಆಗಿರಬೇಕು. ಹೊಲದ ಬೋರಿನ ಕಡೆ ನೋಡಲೂ ಬೇಡ.

ಇಂಜಿನಿಯರ್ ಬಹುಶಃ ಜಾಕೆಟಿಂಗ್ ಹೇಳುತ್ತಾನೆ. ಹಳೆಯ ಕಂಬಕ್ಕೆ ಸುತ್ತಲೂ ಹೊಸ ರಾಡು, ಹೊಸ ರಿಂಗು, ಹೊಸ ಕಾಂಕ್ರೀಟಿನ ಅಂಗಿ ತೊಡಿಸುವುದು ಅಂತ ತಿಳಿ. ಐಎಸ್ 15988 ಅನ್ನುವ 2013ರ ಸಂಹಿತೆಯ ಪ್ರಕಾರ ಆ ಅಂಗಿ ಕನಿಷ್ಠ 100 ಮಿಲಿಮೀಟರ್ ದಪ್ಪ ಇರಬೇಕು, ಕಾಂಕ್ರೀಟು ಹಳೆಯದಕ್ಕಿಂತ ಬಲವಾಗಿರಬೇಕು, ರಿಂಗು 8 ಮಿಲಿಮೀಟರಿಗೆ ಕಡಿಮೆ ಇರಬಾರದು. ಒಂಬತ್ತು-ಹನ್ನೆರಡು ಇಂಚಿನ ನಿನ್ನ ಕಂಬ ಹದಿನೇಳು-ಇಪ್ಪತ್ತು ಇಂಚಿನದಾಗುತ್ತದೆ. ಪಡಸಾಲೆ ಚಿಕ್ಕದಾಯಿತು ಅಂತ ಸೊಸೆ ಬೇಜಾರು ಮಾಡಿಕೊಂಡರೆ ಆ ರಿಂಗಿನ ತುಣುಕು ತಂದು ತೋರಿಸುತ್ತೇನೆ. ಹತ್ತು ಅಡಿ ಎತ್ತರಕ್ಕೆ ಈ ಅಂಗಿಯೊಂದರದೇ ತೂಕ ಟನ್ನು ದಾಟುತ್ತದೆ. ಅದಕ್ಕೇ ಪಾಯಾ ತೋಡಿ ನೋಡದೆ ಜಾಕೆಟ್ ಕಟ್ಟಬಾರದು. ಅಂಗಿ ನೆಲದ ಫರಸಿಯ ಮೇಲೆ ಶುರುವಾಗಬಾರದು, ಪಾಯಾದಿಂದಲೇ ಏಳಬೇಕು. ಮೇಲೆ ಹೇಗೆ ಕೂಡಿಸಬೇಕು, ಎಷ್ಟು ಎತ್ತರಕ್ಕೆ ಒಯ್ಯಬೇಕು ಅನ್ನುವುದನ್ನು ಅವನ ನಕ್ಷೆ ಹೇಳಬೇಕು. ಹಳೆಯ ಮೈಯನ್ನು ಒರಟು ಮಾಡಿ, ತೊಳೆದು, ಹೊಸದು ಅಂಟುವ ಹಾಗೆ ತಯಾರು ಮಾಡಬೇಕು.

ಈಚೆಗೆ ಕಾರ್ಬನ್ ಬಟ್ಟೆ ಸುತ್ತುವ ಪದ್ಧತಿಯೂ ಬಂದಿದೆ. ತೆಳ್ಳಗಿರುತ್ತದೆ, ಜಾಗ ತಿನ್ನುವುದಿಲ್ಲ, ಕಂಬವನ್ನು ಬಿಗಿಯಾಗಿ ಹಿಡಿಯುತ್ತದೆ. ಒಳ್ಳೆಯದೇ. ಆದರೆ ಜಂಗು ಬಿಡಿಸದೆ ಮೇಲೆ ಬಟ್ಟೆ ಸುತ್ತಿದರೆ ಗೌಂಡಿಯ ನಾಲ್ಕು ಬುಟ್ಟಿ ಮಾಲಿಗೂ ಅದಕ್ಕೂ ಬೆಲೆಯೊಂದರಲ್ಲೇ ವ್ಯತ್ಯಾಸ. ಒಳಗೆ ಜಂಗು ತನ್ನ ಪಾಡಿಗೆ ತಾನು ತಿನ್ನುತ್ತಿರುತ್ತದೆ, ಈಗ ಕಾಣುವುದೂ ಇಲ್ಲ.

ಉಪ್ಪು ತಿಂದ ಕಾಂಕ್ರೀಟಿನ ಇನ್ನೊಂದು ಗುಣ ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಕಡೆ ತೇಪೆ ಹಾಕಿ ಸರಿಮಾಡಿದರೆ, ಅದರ ಅಂಚಿನಲ್ಲಿ ಅಲ್ಲಿಯವರೆಗೆ ಸುಮ್ಮನಿದ್ದ ರಾಡಿಗೆ ಜಂಗು ಹಿಡಿಯಲು ಶುರುವಾಗುತ್ತದೆ. ಹೊಸ ಕ್ಷಾರದಲ್ಲಿರುವ ರಾಡು ಮತ್ತು ಹಳೆಯ ಉಪ್ಪಿನಲ್ಲಿರುವ ರಾಡು ಸೇರಿ ಬ್ಯಾಟರಿಯ ಹಾಗೆ ಕೆಲಸ ಮಾಡುತ್ತವೆ. ಇದನ್ನು ತಡೆಯಲು ತೇಪೆಯ ಅಂಚಿಗೆ ರಾಡಿಗೆ ಸತುವಿನ ಬಿಲ್ಲೆ ಕಟ್ಟುತ್ತಾರೆ. ನಮ್ಮ ಕೊಟ್ಟಿಗೆಯ ತಗಡು ಯಾಕೆ ಬೇಗ ಜಂಗು ಹಿಡಿಯುವುದಿಲ್ಲ? ಅದರ ಮೇಲಿನ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಇದೂ ಅದೇ. ಪರೀಕ್ಷೆಯಲ್ಲಿ ಉಪ್ಪು ಹೆಚ್ಚು ಕಂಡರೆ ಈ ಬಿಲ್ಲೆಯ ಮಾತು ನೀನೇ ಎತ್ತು.

ರೊಕ್ಕದ ವಿಷಯದಲ್ಲೂ ಒಂದು ಮಾತು. ಕಂಬಕ್ಕೆ ಇಷ್ಟು ಅಂತ ಒಟ್ಟು ಗುತ್ತಿಗೆ ಕೊಡಬೇಡ. ಹಾಗೆ ಕೊಟ್ಟರೆ ಬೇಗ ಮುಚ್ಚುವುದೇ ಅವರಿಗೆ ಲಾಭ. ಹಂತ ಹಂತಕ್ಕೆ ಕೊಡು. ಆಸರೆ ಕೊಟ್ಟಾಗ, ರಾಡು ಬೆಳ್ಳಗಾದಾಗ, ಹೊಸ ರಿಂಗು ಕಟ್ಟಿದಾಗ ಫೋನಿನಲ್ಲಿ ಫೋಟೊ ಹಿಡಿ, ಇಂಜಿನಿಯರಿಗೆ ಕಳಿಸು. ಅವನು ಹೂಂ ಅಂದ ಮೇಲೆ ಮುಂದಿನ ಹಂತ. ಕಾಂಕ್ರೀಟು ಬಿದ್ದ ಮೇಲೆ ಒಳಗಿನದು ಯಾರಿಗೂ ಕಾಣುವುದಿಲ್ಲ. ನಾನು ಗೌಂಡಿಗಳ ಜೊತೆಯೇ ಬೆಳೆದವನು, ಅವರನ್ನು ಹಳಿಯುತ್ತಿಲ್ಲ. ಹೇಗೆ ಮಾಡಬೇಕು ಅಂತ ತೋರಿಸಿ ಹೊತ್ತು ಕೊಟ್ಟರೆ ಅವರ ಕೈಯೇ ಬಂಗಾರದ ಕೆಲಸ ಮಾಡುತ್ತದೆ. ಅವಸರ ಮಾಡಿದವರು ಯಾವಾಗಲೂ ನಾವು, ಮನೆಯವರು.

ಇಷ್ಟೆಲ್ಲ ಆಗಿ ಹಲಗೆ ಬಿಚ್ಚಿದ ದಿನ ಕಂಬ ಹೊಸದಾಗಿ ನಿಂತಿರುತ್ತದೆ, ಕೆಲಸ ಮುಗಿಯಿತು ಅನ್ನಿಸುತ್ತದೆ. ಮುಗಿದಿರುವುದಿಲ್ಲ. ಸುತ್ತ ಗೋಣಿ ತಟ್ಟು ಕಟ್ಟಿ, ಅದು ಒಣಗದ ಹಾಗೆ ಹಗಲು ರಾತ್ರಿ ಹಸಿ ಇಡಬೇಕು. ಜಾಕ್ ತೆಗೆಯುವ ದಿನವನ್ನು ಇಂಜಿನಿಯರ್ ಹೇಳಬೇಕು, ಮನೆಗೆ ನೆಂಟರು ಬರುತ್ತಾರೆ ಅಂತ ನಾವು ತೆಗೆಯಬಾರದು. ಆಮೇಲೆ ವರ್ಷಕ್ಕೊಮ್ಮೆ, ಬಸವ ಜಯಂತಿಯ ಹೊತ್ತಿಗೆ ಸುಣ್ಣಬಣ್ಣಕ್ಕೆ ಇಳಿದಾಗ, ಎಲ್ಲ ಕಂಬಕ್ಕೂ ಕೀಲಿಕೈಯಿಂದ ಒಂದು ಸುತ್ತು ಬಡಿದು ಸದ್ದು ಕೇಳು. ಮಗನಿಗೂ ಕಲಿಸು.

ಜಾಕ್ ಕೊಡುವ ದಿನ ಗೊತ್ತಾದೊಡನೆ ನನಗೆ ಫೋನ್ ಮಾಡು. ಬಂದು ಹತ್ತು ಹದಿನೈದು ದಿನ ಇರುತ್ತೇನೆ. ವೈನಿಗೆ ಹೇಳು, ನನಗೆ ಪಡಸಾಲೆಯಲ್ಲೇ ಒಂದು ಹಾಸಿಗೆ ಸಾಕು. ತಟ್ಟಿಗೆ ನೀರು ಹಾಕುವ ಕೆಲಸ ಯಾರಿಗೂ ಒಪ್ಪಿಸಬೇಡ. ಅಣ್ಣನ ಮನೆಯ ಆ ಕಂಬಕ್ಕೆ 2003ರಲ್ಲಿ ನಾನು ಹಾಕದೆ ಉಳಿಸಿದ ನೀರು ಅದು. ಅದನ್ನು ನಾನೇ ಹಾಕಬೇಕು.

ನಿನ್ನ ಕಾಕಾ